ಬೇಚರಾಕ್ ಊರಿನ ಹನ್ನೊಂದು ಗುಡಿಸಲು

ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇದ್ದಾಗ ನಡೆದದ್ದು ಇದು. ಆಗ ನಾನು ಮುಳಬಾಗಿಲು ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಸರ್ವೆ ಸೂಪರ್‌ವೈಸರ್. ಮಾಲೂರಿನಲ್ಲಿ ಸರಪಳಿ ಹಿಡಿದು ಕೆಲಸ ಕಲಿತು, ಶ್ರೀನಿವಾಸಪುರದಲ್ಲಿ ಒಂಬತ್ತು ವರ್ಷ, ಕೋಲಾರದಲ್ಲಿ ಹನ್ನೆರಡು ವರ್ಷ ಹೊಲಗಳ ಬದು ತುಳಿದು ಕೊನೆಗೆ ಇಲ್ಲಿಗೆ ಬಂದಿದ್ದೆ. ಹೆಂಗಸು ಸರ್ವೆಗೆ ಬಂದರೆ ಜನ ಮೊದಲು ಅವಳ ಹಿಂದೆ ಗಂಡಸು ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಅದೂ ಅಭ್ಯಾಸವಾಗಿತ್ತು. ಅಷ್ಟು ವರ್ಷದಲ್ಲಿ ಸಾವಿರಾರು ನಕ್ಷೆಗಳಿಗೆ ಸಹಿ ಹಾಕಿದ್ದೇನೆ. ನೆನೆಸಿಕೊಂಡರೆ ಇವತ್ತಿಗೂ ಬಾಯಿ ಕಹಿಯಾಗುವುದು ಒಂದೇ ಒಂದು ಸಹಿಯಿಂದ.

ಆ ವರ್ಷ ನಮ್ಮ ಜಿಲ್ಲೆಯಲ್ಲಿ ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ಭರದಿಂದ ನಡೆಯುತ್ತಿತ್ತು. ಎಷ್ಟೋ ಕಡೆ ಜನ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿರುತ್ತಾರೆ, ಆದರೆ ಸರ್ಕಾರದ ಪುಸ್ತಕದಲ್ಲಿ ಅಲ್ಲಿ ಮನೆಗಳೇ ಇರುವುದಿಲ್ಲ. ಅಂಥ ಜಾಗವನ್ನು ಅಳೆದು, ಗಡಿ ಗುರುತಿಸಿ, ಪ್ರತಿ ಮನೆಯನ್ನೂ ನಕ್ಷೆಯಲ್ಲಿ ಕೂರಿಸಿದರೆ ಮುಂದೆ ಅದೇ ಆಧಾರದ ಮೇಲೆ ಹಕ್ಕುಪತ್ರ ಕೊಡುತ್ತಾರೆ. ನಕ್ಷೆಯ ಗೆರೆಯೊಳಗೆ ಬಿದ್ದವರಿಗೆ ಮನೆ ತಮ್ಮದಾಗುತ್ತದೆ. ಹೊರಗೆ ಬಿದ್ದವರು ಇದ್ದ ಹಾಗೇ ಇರಬೇಕು, ಯಾರಾದರೂ ಎದ್ದು ಹೋಗಿ ಎನ್ನುವವರೆಗೆ.

ನಾನು ಹೇಳುವ ಊರಿನ ನಿಜವಾದ ಹೆಸರನ್ನು ಬರೆಯುವುದಿಲ್ಲ. ಬಂಡಪಲ್ಲಿ ಎಂದು ಇಟ್ಟುಕೊಳ್ಳಿ. ಕುರುಡುಮಲೆ ದಾಟಿ ಪೂರ್ವಕ್ಕೆ ಹೋಗುತ್ತ ಹೋಗುತ್ತ ಅಂಗಡಿ ಬೋರ್ಡುಗಳು ಕನ್ನಡದಲ್ಲಿದ್ದರೂ ಅಂಗಡಿಯವರ ಮಾತು ತೆಲುಗಿಗೆ ತಿರುಗುತ್ತದಲ್ಲ, ಆ ಕಡೆಯ ಊರು. ಆಚೆ ಆಂಧ್ರ. ನಡುವೆ ಒಂದು ಕೆರೆ. ಕೆರೆಯ ಪಶ್ಚಿಮಕ್ಕೆ ಅರವತ್ತೆರಡು ಮನೆಗಳ ಊರು. ರಾಗಿ, ಟೊಮ್ಯಾಟೊ, ಹಿಪ್ಪುನೇರಳೆ ಬೆಳೆಯುವವರು, ಡೇರಿಗೆ ಹಾಲು ಹಾಕುವವರು. ಕೆರೆಯ ಪೂರ್ವಕ್ಕೆ ಬಂಡೆಯ ಬುಡದಲ್ಲಿ ಮೂವತ್ತೊಂದು ಮನೆಗಳು. ಅವರು ಕಲ್ಲು ಒಡೆಯುವವರು. ಅವರ ಮನೆಗಳನ್ನು ಊರಿನವರು ‘ಕೆರೆಯಾಚೆ’ ಎನ್ನುತ್ತಿದ್ದರು.

ನಮ್ಮ ದಾಖಲೆಯಲ್ಲಿ ಬಂಡಪಲ್ಲಿ ‘ಬೇಚರಾಕ್’ ಗ್ರಾಮ. ಇದು ಪಾರ್ಸಿ ಮೂಲದ ಮಾತು. ದೀಪವಿಲ್ಲದ್ದು ಎಂದು ಅರ್ಥ. ಪ್ಲೇಗಿಗೋ ಬರಕ್ಕೋ ಜನರೆಲ್ಲ ಬಿಟ್ಟುಹೋಗಿ ದೀಪ ಹಚ್ಚುವವರೇ ಇಲ್ಲದ ಊರನ್ನು ಕಂದಾಯದವರು ಹಾಗೆ ಬರೆಯುತ್ತಿದ್ದರು. ಜಮೀನುಗಳ ಸರ್ವೆ ನಂಬರು ಇರುತ್ತದೆ, ಊರು ಮಾತ್ರ ಇರುವುದಿಲ್ಲ. ಹೀಗಾಗಿ ಕೆರೆಯ ಈ ಬದಿಯವರಿಗೂ ಆ ಬದಿಯವರಿಗೂ ಯಾರ ಮನೆಗೂ ಕಾಗದ ಇರಲಿಲ್ಲ.

ಅಳತೆಗೆ ಮೊದಲೇ ಆ ಊರಿನ ನಿವೃತ್ತ ಹೆಡ್‌ಮಾಸ್ಟರ್ ನಾರಾಯಣಪ್ಪನವರು ನಮ್ಮ ಕಚೇರಿಗೆ ಬಂದಿದ್ದರು. ಎಪ್ಪತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ತಾವೇ ಬರೆದು ಬೈಂಡ್ ಮಾಡಿಸಿದ ನಲವತ್ತು ಪುಟದ ಬಂಡಪಲ್ಲಿ ಚರಿತ್ರೆಯನ್ನು ನನ್ನ ಮೇಜಿನ ಮೇಲಿಟ್ಟರು. ಊರಿನ ಪಾಳು ಗುಡಿ, ಮಣ್ಣಲ್ಲಿ ಅರ್ಧ ಹೂತ ವೀರಗಲ್ಲು, ಪ್ಲೇಗಿಗೆ ಹೆದರಿ ಹೊರಟುಹೋಗಿ ಆಮೇಲೆ ಮರಳಿ ಬಂದರೆಂಬ ಒಕ್ಕಲುಗಳು, ಮೈಸೂರು ಸೀಮೆಗೂ ಮದ್ರಾಸ್ ಪ್ರಾಂತ್ಯಕ್ಕೂ ಇದ್ದ ಗಡಿ, ಆಮೇಲೆ ಆಂಧ್ರ ಆದದ್ದು, ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು. ಹಳ್ಳಿಯ ಮೇಷ್ಟ್ರೊಬ್ಬರು ಇಷ್ಟು ಕಷ್ಟಪಟ್ಟಿದ್ದಾರಲ್ಲ ಎಂದು ನನಗೆ ಸಂತೋಷವಾಯಿತು. ಕಾಫಿ ತರಿಸಿಕೊಟ್ಟೆ. ಬಾಗಿಲವರೆಗೂ ಎದ್ದು ಹೋಗಿ ಕಳಿಸಿದೆ. ಆ ಪುಸ್ತಕದ ನಲವತ್ತು ಪುಟದಲ್ಲಿ ಕೆರೆಯಾಚೆಯ ಮೂವತ್ತೊಂದು ಮನೆಗಳ ಬಗ್ಗೆ ಒಂದು ಸಾಲೂ ಇಲ್ಲ ಎನ್ನುವುದು ನನಗೆ ಅವತ್ತು ಹೊಳೆಯಲೇ ಇಲ್ಲ. ಅಲ್ಲಿ ಮನೆಗಳಿವೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಅಳತೆ ಮಾಡಿದ್ದು ಸುರೇಶ ಎಂಬ ಲೈಸೆನ್ಸ್‌ಡ್ ಸರ್ವೇಯರ್. ಇಲಾಖೆಯಲ್ಲಿ ಜನ ಸಾಲದ್ದಕ್ಕೆ ಹೀಗೆ ಪರವಾನಗಿ ಪಡೆದವರಿಂದ ಅಳತೆ ಮಾಡಿಸುತ್ತಾರೆ, ನಾವು ಪರಿಶೀಲಿಸಿ ಸಹಿ ಹಾಕಬೇಕು. ಪರಿಶೀಲನೆ ಎಂದರೆ ನಿಯಮದ ಪ್ರಕಾರ ಸ್ಥಳಕ್ಕೆ ಹೋಗಿ ನೋಡುವುದು. ಆ ತಿಂಗಳು ನನ್ನ ಮೇಜಿನ ಮೇಲೆ ಅಂಥ ಫೈಲುಗಳ ರಾಶಿ ಇತ್ತು, ಮೇಲಿನವರಿಂದ ದಿನಕ್ಕೆರಡು ಸಲ ಫೋನು ಬರುತ್ತಿತ್ತು. ಸುರೇಶ ಹದಿನೈದು ವರ್ಷದಿಂದ ಗೊತ್ತಿದ್ದವನು. ಅವನ ನಕ್ಷೆಯಲ್ಲಿ ಗೆರೆಗಳು ಮುಟ್ಟಿದರೆ ಹರಿಯುವಷ್ಟು ಚೂಪಾಗಿದ್ದವು. ಕೆರೆಯ ಪೂರ್ವದ ಏರಿಯ ಪಕ್ಕದಲ್ಲೇ ಗಡಿಕಲ್ಲು, ಅದರಾಚೆ ‘ಆಂಧ್ರಪ್ರದೇಶದ ಗಡಿ’ ಎಂದು ಬರೆದು ಖಾಲಿ ಬಿಟ್ಟಿದ್ದ. ಕುರ್ಚಿಯಲ್ಲಿ ಕೂತಲ್ಲೇ ಸಹಿ ಹಾಕಿದೆ.

ಮೂರು ವಾರದ ನಂತರ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಅರವತ್ತರ ಆಸುಪಾಸು, ಕಲ್ಲು ಕೆಲಸ ಮಾಡಿ ದಪ್ಪಗಾದ ಬೆರಳುಗಳು. ಹೆಸರು ಮುನಿವೆಂಕಟಮ್ಮ ಎಂದಳು. ಪಂಚಾಯಿತಿ ಗೋಡೆಗೆ ಅಂಟಿಸಿದ್ದ ನಕ್ಷೆಯ ಜೆರಾಕ್ಸ್ ಅವಳ ಕೈಯಲ್ಲಿತ್ತು. ಓದು ಬಾರದವಳು, ಮೊಮ್ಮಗಳ ಹತ್ತಿರ ಓದಿಸಿಕೊಂಡು ಬಂದಿದ್ದಳು. ಕಾಗದವನ್ನು ಮೇಜಿನ ಮೇಲೆ ಹರಡಿ ಕೆಳಗಿನ ಸಹಿಯ ಮೇಲೆ ಬೆರಳಿಟ್ಟು ಕೇಳಿದಳು.

“ಅಮ್ಮಯ್ಯ, ಈ ಸೈನು ನಿಮ್ದೇನಾ?”

ಹೌದೆಂದೆ.

“ಹಂಗಾದ್ರೆ ನೀವು ಬಂದು ನೋಡಿರ್ತೀರ. ನಮ್ಮ ಮನೆಗಳು ನಿಮ್ಮ ಕಣ್ಣಿಗೆ ಕಾಣಲಿಲ್ವಾ?”

ಅವಳ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಅಧಿಕಾರಿ ಸಹಿ ಹಾಕಿದ ಮೇಲೆ ನೋಡಿಯೇ ಹಾಕಿರುತ್ತಾಳೆ ಎಂದು ನಿಜವಾಗಿ ನಂಬಿ ಬಂದಿದ್ದಳು. ಅವಳ ಬಳಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಅದರಲ್ಲಿ ಮೂವತ್ತು ವರ್ಷದ ಅರ್ಜಿಗಳು. ಕೆಲವು ಕನ್ನಡದಲ್ಲಿ, ಕೆಲವು ತೆಲುಗಿನಲ್ಲಿ. ಅವಕ್ಕೆ ನಮ್ಮ ಕಡೆಯ ಕಚೇರಿಗಳು ಉತ್ತರವಾಗಿ ಕೊಟ್ಟ ಹಿಂಬರಹಗಳಲ್ಲಿ ಅವರು ಆಂಧ್ರದವರು ಎಂದಿತ್ತು. ಆ ಕಡೆಯ ಹಿಂಬರಹಗಳಲ್ಲಿ ಅವರು ಕರ್ನಾಟಕದವರು ಎಂದಿತ್ತು. ಇಷ್ಟಾದರೂ ಅವರ ವೋಟು ನಮ್ಮ ಕಡೆಗೇ ಇತ್ತು. ಚುನಾವಣೆ ಬಂದಾಗ ಮಾತ್ರ ಯಾರಿಗೂ ಗಡಿಯ ಅನುಮಾನ ಬಂದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಂಡಪಲ್ಲಿಗೆ ಹೋದೆ. ಜೊತೆಗೆ ಹಳೆಯ ಮೂಲ ಸರ್ವೆಯ ಟಿಪ್ಪಣಿ ಪುಸ್ತಕದ ನಕಲು ಒಯ್ದೆ. ಟಿಪ್ಪಣಿ ಎಂದರೆ ಮೈಸೂರು ಸಂಸ್ಥಾನದ ಕಾಲದಲ್ಲಿ ಮೊದಲ ಸಲ ಜಮೀನು ಅಳೆದವರು ಸ್ಥಳದಲ್ಲೇ ಗೀಚಿಕೊಂಡ ಕಚ್ಚಾ ಅಳತೆ. ಆಗಿನ ಸರಪಳಿ ಮೂವತ್ತಮೂರು ಅಡಿಯದು, ಅದಕ್ಕೆ ಹದಿನಾರು ಆಣೆ. ಅಳತೆ ಶುರುಮಾಡಲು ಯಾರೂ ಅಲುಗಿಸಲಾಗದ ಒಂದು ಗುರುತು ಬೇಕು. ಕೆರೆಯ ಹಳೆಯ ಕಲ್ಲಿನ ತೂಬು ಟಿಪ್ಪಣಿಯಲ್ಲಿ ಇತ್ತು. ಆ ತೂಬಿನಿಂದ ಗಡಿಕಲ್ಲಿಗೆ ಇಪ್ಪತ್ತೊಂದು ಸರಪಳಿ ಎಂದು ಬರೆದಿತ್ತು. ಈಗ ಕಲ್ಲು ನಿಂತಿದ್ದ ಜಾಗಕ್ಕೆ ಅಳೆದರೆ ಹನ್ನೆರಡೇ ಬಂತು. ಮತ್ತೆ ಅಳೆದೆ. ಹನ್ನೆರಡೇ. ಒಂಬತ್ತು ಸರಪಳಿ, ಅಂದರೆ ಹೆಚ್ಚುಕಡಿಮೆ ಮುನ್ನೂರು ಅಡಿ ಮಾಯವಾಗಿತ್ತು. ಆ ಮುನ್ನೂರು ಅಡಿಯೊಳಗೆ ಮೂವತ್ತೊಂದು ಮನೆಗಳೂ ಇದ್ದವು.

ಕಲ್ಲಿನ ಹತ್ತಿರ ಕೂತು ನೋಡಿದೆ. ನಾನು ಹುಟ್ಟಿ ಬೆಳೆದದ್ದು ಮಾಲೂರು ತಾಲ್ಲೂಕಿನಲ್ಲಿ, ಶಿಲ್ಪಿಗಳ ಊರಾದ ಶಿವಾರಪಟ್ಟಣದ ಪಕ್ಕದ ಹಳ್ಳಿಯಲ್ಲಿ. ಉಳಿಯ ಸದ್ದಿನಲ್ಲೇ ಬೆಳೆದವರಿಗೆ ಕಲ್ಲು ನೋಡಲು ಯಾರೂ ಕಲಿಸಬೇಕಾಗಿಲ್ಲ. ನೂರು ವರ್ಷ ನೆಲದಲ್ಲಿ ನಿಂತ ಕಲ್ಲಿಗೆ ಮಣ್ಣು ಮುಟ್ಟಿದ ಜಾಗದಲ್ಲಿ ಒಂದು ಗೆರೆ ಬೀಳುತ್ತದೆ. ಅದರ ಕೆಳಗೆ ಕೆಂಪು, ಮೇಲೆ ಬಿಸಿಲಿಗೆ ಬೂದಿ ಬಣ್ಣ. ಈ ಕಲ್ಲಿನ ಕೆಂಪು ಗೆರೆ ನೆಲದಿಂದ ಒಂದು ಗೇಣು ಮೇಲಿತ್ತು. ಯಾರೋ ಇದನ್ನು ಕಿತ್ತು ತಂದು ಮೊದಲಿನಷ್ಟು ಆಳ ತೋಡದೆ ನೆಟ್ಟಿದ್ದರು.

ಇಪ್ಪತ್ತೊಂದು ಸರಪಳಿ ಎಲ್ಲಿ ಮುಗಿಯುತ್ತದೆಂದು ಅಳೆದುಕೊಂಡು ಹೋದರೆ ಕೊನೆಯ ಮನೆಯ ಹಿಂದಿನ ತಿಪ್ಪೆಗುಂಡಿಗೆ ಬಂದು ನಿಂತೆ. ಕೆರೆಯಾಚೆಯ ನಾಲ್ಕು ಜನ ಹಾರೆ ತಂದರು. ಸಗಣಿ, ಕೊಳೆತ ಹುಲ್ಲು, ಕೋಳಿ ಪುಕ್ಕ ಎಲ್ಲ ಎತ್ತಿಹಾಕುವ ಹೊತ್ತಿಗೆ ನನ್ನ ಸೀರೆಯ ಅಂಚೆಲ್ಲ ಗಲೀಜಾಗಿತ್ತು. ಕೆಳಗೆ ಸಡಿಲ ಮಣ್ಣು. ಎರಡು ಅಡಿ ತೋಡಿದ ಮೇಲೆ ಹಾರೆಯ ಬಾಯಿಗೆ ಇದ್ದಿಲು ಮೆತ್ತಿಕೊಂಡು ಬಂತು. ಗಡಿಕಲ್ಲು ನೆಡುವ ಮುಂಚೆ ಗುಂಡಿಗೆ ಇದ್ದಿಲು ಸುರಿಯುವುದು ಹಳೆಯ ಅಳತೆಗಾರರ ರೂಢಿ. ಕಲ್ಲನ್ನು ಯಾರಾದರೂ ಎತ್ತಿಕೊಂಡು ಹೋದರೂ ಇದ್ದಿಲು ಕೊಳೆಯದೆ ಅಲ್ಲೇ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮೇಲಿನವರು ಇದನ್ನು ಹೇಳಿದ್ದರು. ಕಣ್ಣಾರೆ ನೋಡಿದ್ದು ಅವತ್ತೇ.

ಆಗ ಹಾರೆ ಹಿಡಿದಿದ್ದವರಲ್ಲಿ ಒಬ್ಬರು, ಮುನಿವೆಂಕಟಮ್ಮನ ಅಣ್ಣ ಹನುಮಂತಪ್ಪ, ಹಾರೆ ಬಿಟ್ಟು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು.

“ಆ ಕಲ್ಲು ಕಿತ್ತಿದ್ದು ನಾವೇ ಅಮ್ಮಯ್ಯ,” ಎಂದರು.

ಅವರು ಹೇಳಿದ್ದನ್ನು ನಾನು ಅಲ್ಲೇ ಬರೆದುಕೊಂಡೆ. ಎರಡು ವರ್ಷದ ಹಿಂದೆ ನಾರಾಯಣಪ್ಪ ಮೇಷ್ಟ್ರು ಬಂದು, ಆಂಧ್ರದ ಕಡೆಗೆ ರಸ್ತೆ ಅಗಲ ಮಾಡುತ್ತಾರೆ, ಹಳೇ ಕಲ್ಲು ಒಡೆದುಹೋಗುತ್ತದೆ, ಜೋಪಾನವಾಗಿ ತೆಗೆದು ಏರಿಯ ಪಕ್ಕ ನೆಡಿ ಎಂದಿದ್ದರು. ಕಲ್ಲು ಎತ್ತುವ ಕೆಲಸ ಇವರಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಹನುಮಂತಪ್ಪ ಮತ್ತು ಇನ್ನಿಬ್ಬರು ಅರ್ಧ ದಿನ ಕೆಲಸ ಮಾಡಿ, ಮರದ ದಿಮ್ಮಿ ಉರುಳಿಸಿಕೊಂಡು, ಅಂಚು ಕೂಡ ಮುಕ್ಕಾಗದಂತೆ ಸಾಗಿಸಿದ್ದರು. ಮೇಷ್ಟ್ರು ಕೊನೆಯವರೆಗೂ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅದೇ ವಾರ ಸುರೇಶನ ಬೈಕು ಅವರ ಮನೆ ಮುಂದೆ ನಿಂತಿದ್ದನ್ನೂ ಇವರು ನೋಡಿದ್ದರು.

ಮುನಿವೆಂಕಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದಳು. ಕೊನೆಗೆ, “ಅವತ್ತು ಮುದ್ದೆ ಮಾಡಿ ಹೊತ್ಕೊಂಡು ಬಂದು ಬಡಿಸಿದ್ದು ನಾನು,” ಎಂದಳು. “ಮೇಷ್ಟ್ರು ನಮ್ಮನೇದು ಉಣ್ಣಲ್ಲ ಅಂತ ಅವ್ರಿಗೆ ಎಳನೀರು ಕೆತ್ತಿಸಿ ಕೊಟ್ಟೆ.” ಹೀಗೆ ಹೇಳಿ ಪಕ್ಕಕ್ಕೆ ತಿರುಗಿ ಉಗಿದು ಒಳಗೆ ಹೋದಳು.

ಸರ್ವೆ ಕೆಲಸದಲ್ಲಿ ಬದು ಒತ್ತುವವರನ್ನು, ಕಲ್ಲು ಕಿತ್ತು ಬಾವಿಗೆ ಎಸೆಯುವವರನ್ನು ಬೇಕಾದಷ್ಟು ನೋಡಿದ್ದೆ. ಅವರು ರಾತ್ರೋರಾತ್ರಿ ಕದ್ದು ಮಾಡುತ್ತಾರೆ, ಸಿಕ್ಕಿಬಿದ್ದರೆ ಕೂಗಾಡುತ್ತಾರೆ. ಇಲ್ಲಿ ಹಾಡಹಗಲಲ್ಲಿ, ಯಾರ ಮನೆಗಳನ್ನು ಊರಿಂದ ಹೊರಗೆ ಹಾಕಬೇಕೋ ಅವರ ಕೈಯಿಂದಲೇ, ಅವರ ಎಳನೀರು ಕುಡಿದುಕೊಂಡು ಮಾಡಿಸಿದ್ದರು. ಮಾಡಿಸಿದವರು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ. ಆ ಕೆಲಸದ ಮೇಲೆ ಕೊನೆಯ ಮುದ್ರೆ ಒತ್ತಿದವಳು ನಾನು.

ಅಲ್ಲಿಂದ ನೇರವಾಗಿ ನಾರಾಯಣಪ್ಪನವರ ಮನೆಗೆ ಹೋದೆ. ಗಲೀಜಾದ ಸೀರೆಯಲ್ಲೇ ಅವರ ನಡುಮನೆಯಲ್ಲಿ ಕೂತೆ. ಕಾಫಿ ಬಂತು, ಮುಟ್ಟಲಿಲ್ಲ. ಕಲ್ಲಿನ ವಿಷಯ ಕೇಳಿದಾಗ ಅವರು ಅಲ್ಲಗಳೆಯಲಿಲ್ಲ, ಧ್ವನಿ ಕೂಡ ಏರಿಸಲಿಲ್ಲ. ಊರಿನ ಹಿತಕ್ಕೆ ಮಾಡಿದ್ದು ಎಂದರು. ಕೆರೆಯಾಚೆಯವರು ಊರಿನ ಲೆಕ್ಕಕ್ಕೆ ಸೇರಿದರೆ ಪಂಚಾಯಿತಿಯ ಈ ವಾರ್ಡಿನ ಸೀಟು ಮೀಸಲಾತಿಗೆ ಹೋಗುತ್ತದೆ, ಆಮೇಲೆ ನಮ್ಮ ಊರಿಗೆ ಅವರು ಮೆಂಬರಾಗುತ್ತಾರೆ, ಸ್ಮಶಾನದಲ್ಲಿ ಪಾಲು ಕೇಳುತ್ತಾರೆ ಎಂದು, ಪಾಠ ವಿವರಿಸುವವರ ಹಾಗೆ ಒಂದೊಂದಾಗಿ ಹೇಳಿದರು. ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದರು.

“ಅವ್ರು ನಲವತ್ತು ವರ್ಷದ ಹಿಂದೆ ಆ ಕಡೆಯಿಂದ ಕಲ್ಲು ಒಡೆಯೋಕೆ ಬಂದೋರು ಮೇಡಂ,” ಎಂದರು ಮೇಷ್ಟ್ರು. “ನಮ್ಮ ಹಿರಿಯರು ಮೊದಲಿಂದ ಇಲ್ಲೇ ಇದ್ದೋರು. ಬಂದೋರಿಗೂ ಇದ್ದೋರಿಗೂ ಒಂದು ವ್ಯತ್ಯಾಸ ಬೇಡವಾ?”

ಹಿರಿಯರು ಮೊದಲಿಂದ ಇಲ್ಲೇ ಇದ್ದರು ಎಂಬ ಮಾತು ಅವರ ಪುಸ್ತಕದಲ್ಲೂ ಇತ್ತು. ಅದನ್ನು ಪರೀಕ್ಷಿಸದೆ ಬಿಡಬಾರದು ಅನ್ನಿಸಿತು. ಒಮ್ಮೆ ನೋಡದೆ ಸಹಿ ಹಾಕಿದವಳು ಎರಡನೆಯ ಸಲವೂ ನೋಡದೆ ಇರುವುದಕ್ಕೆ ನಾಚಿಕೆಯಾಯಿತು. ಮುಂದಿನ ವಾರ ಎರಡು ದಿನ ಕೋಲಾರದ ದಾಖಲೆ ಕೋಣೆಯಲ್ಲಿ ಕೂತೆ. ಕೆಂಪು ಬಟ್ಟೆಯ ಗಂಟುಗಳು, ಅವುಗಳ ಮೇಲೆ ಇಲಿಯ ಹಿಕ್ಕೆ, ಮುಟ್ಟಿದರೆ ಪುಡಿಯಾಗುವ ಕಾಗದ. ಎರಡನೆಯ ದಿನ ಮಧ್ಯಾಹ್ನ ಬಂಡಪಲ್ಲಿಯ ಗಂಟಿನಲ್ಲಿ ಒಬ್ಬ ಅಮಲ್ದಾರರ ತಪಾಸಣೆ ಟಿಪ್ಪಣಿ ಸಿಕ್ಕಿತು. ಅಮಲ್ದಾರ ಎಂದರೆ ಈಗಿನ ತಹಸೀಲ್ದಾರ. ಪ್ಲೇಗಿನ ನಂತರ ಊರು ನೋಡಲು ಬಂದಿದ್ದವರು ಬರೆದಿದ್ದು ಹೀಗೆ: ಈ ಗ್ರಾಮದ ರೈತರೆಲ್ಲರೂ ಬಿಟ್ಟುಹೋಗಿದ್ದಾರೆ. ಕೆರೆಯ ಪೂರ್ವಕ್ಕೆ, ಕೆರೆ ದುರಸ್ತಿಗಾಗಿ ಬಂದ ಕಲ್ಲು ಕೆಲಸದವರ ಹನ್ನೊಂದು ಗುಡಿಸಲುಗಳಿವೆ. ಇವರಿಗೆ ಜಮೀನು ಇಲ್ಲದ್ದರಿಂದ ಇವರನ್ನು ಗ್ರಾಮದ ವಾಸಿಗಳೆಂದು ಎಣಿಸತಕ್ಕದ್ದಲ್ಲ. ಗ್ರಾಮವನ್ನು ಬೇಚರಾಕ್ ಎಂದು ಬರೆದುಕೊಳ್ಳತಕ್ಕದ್ದು.

ಈ ನಾಲ್ಕು ಸಾಲು ಓದಿ ನಾನು ಕಾಗದವನ್ನು ಕೆಳಗಿಟ್ಟೆ. ಹನ್ನೊಂದು ಗುಡಿಸಲಿನಲ್ಲಿ ದೀಪ ಉರಿಯುತ್ತಿದ್ದಾಗಲೇ, ಅದನ್ನು ಕಣ್ಣಿಂದ ನೋಡಿಯೇ, ಒಬ್ಬ ಅಧಿಕಾರಿ ಇದು ದೀಪವಿಲ್ಲದ ಊರು ಎಂದು ಬರೆದಿದ್ದರು. ನಾನು ನೋಡದೆ ಬರೆದೆ. ಅಷ್ಟೇ ವ್ಯತ್ಯಾಸ.

ಅದರ ಕೆಳಗೇ ಕೆಲವು ವರ್ಷ ನಂತರದ ಇನ್ನೊಂದು ಕಾಗದ ಇತ್ತು. ಮದ್ರಾಸ್ ಪ್ರಾಂತ್ಯದಿಂದ ದನಕರುಗಳೊಂದಿಗೆ ಬಂದ ಏಳು ಕುಟುಂಬಗಳು ಪಾಳು ಬಿದ್ದ ಜಮೀನಿಗೆ ಹಾಕಿಕೊಂಡ ದರಖಾಸ್ತು, ಅಂದರೆ ಸರ್ಕಾರದಿಂದ ಜಮೀನು ಕೇಳುವ ಅರ್ಜಿ. ಮೊದಲ ಹೆಸರು ನಾರಾಯಣಪ್ಪನವರ ತಾತನದು. ಗಡಿಯಾಚೆಯಿಂದ ಬಂದವರು ಈ ಬದಿಯವರು. ಮೊದಲೇ ಇದ್ದವರು ಆ ಬದಿಯವರು. ಜಮೀನು ಸಿಕ್ಕಿದ್ದರಿಂದ ಬಂದವರು ಊರಿನವರಾದರು.

ಇಷ್ಟಾದರೂ ಮೇಷ್ಟ್ರಿಗೆ ಇದು ತಿಳಿದಿರಲಿಕ್ಕಿಲ್ಲ ಎಂಬ ಒಂದು ಅನುಮಾನ ನನ್ನಲ್ಲಿ ಉಳಿದಿತ್ತು. ಹೊರಡುವಾಗ ದಾಖಲೆ ಕೋಣೆಯ ಗುಮಾಸ್ತರು, ನಕಲು ಬೇಕಾದರೆ ಪುಸ್ತಕದಲ್ಲಿ ಬರೆಯಿರಿ ಎಂದು ನಕಲು ಕೊಟ್ಟ ರಿಜಿಸ್ಟರನ್ನು ಮುಂದಿಟ್ಟರು. ಬಂಡಪಲ್ಲಿಯ ಪುಟದಲ್ಲಿ ನನಗಿಂತ ಮುಂಚೆ ಒಂದೇ ಹೆಸರಿತ್ತು. ಆರು ವರ್ಷದ ಹಿಂದೆ ಈ ಎರಡೂ ಕಾಗದಗಳ ನಕಲು ಪಡೆದು ಸಹಿ ಹಾಕಿದ್ದವರು ನಾರಾಯಣಪ್ಪ. ದುಂಡಗಿನ, ಮೇಷ್ಟ್ರ ಅಕ್ಷರ.

ಕಚೇರಿಗೆ ಬಂದು ವರದಿ ಬರೆದೆ. ಕಲ್ಲು ಸರಿಸಿದ್ದು, ಸುರೇಶನ ಸುಳ್ಳು ಅಳತೆ, ದಾಖಲೆಗಳು, ಎಲ್ಲವನ್ನೂ ಬರೆದ ಮೇಲೆ, ಸ್ಥಳ ಪರಿಶೀಲನೆ ಮಾಡದೆ ನಾನು ಸಹಿ ಹಾಕಿದ್ದೇನೆ ಎಂಬುದನ್ನೂ ಸೇರಿಸಿದೆ. ನನ್ನ ಮೇಲಧಿಕಾರಿ ಓದಿ ಫೈಲನ್ನು ನನ್ನ ಕಡೆಗೇ ತಳ್ಳಿದರು. ಮೂವತ್ತೊಂದು ಮನೆಗೋಸ್ಕರ ಅರವತ್ತೆರಡು ಮನೆಯ ಕೆಲಸ ನಿಲ್ಲುತ್ತದೆ, ಗಡಿ ಅಸ್ಪಷ್ಟವಾಗಿದೆ ಎಂದು ಬರೆದು ಅವರನ್ನು ಎರಡನೆಯ ಹಂತಕ್ಕೆ ಬಿಡಿ ಎಂದರು. ಎರಡನೆಯ ಹಂತ ಎನ್ನುವುದು ಯಾವ ಆದೇಶದಲ್ಲೂ ಇರಲಿಲ್ಲ.

“ರಿಟೈರ್ ಆಗೋ ಟೈಮಲ್ಲಿ ನಿಮ್ಮ ತಲೆ ಮೇಲೆ ನೀವೇ ಯಾಕ್ರೀ ಕಲ್ಲು ಹಾಕ್ಕೋತೀರ? ಆ ಕೊನೇ ಪ್ಯಾರಾ ತೆಗೀರಿ.”

ತೆಗೆಯುವುದಿಲ್ಲ ಎಂದೆ. ಆ ಕೋಣೆಯಲ್ಲಿ ಊದುಬತ್ತಿ ಉರಿಯುತ್ತಿತ್ತು. ಆ ವಾಸನೆಗಿಂತ ಬಂಡಪಲ್ಲಿಯಲ್ಲಿ ಮೂಗಿಗೆ ಬಡಿದ ತಿಪ್ಪೆಯೇ ವಾಸಿ ಅನ್ನಿಸಿದ್ದು ನೆನಪಿದೆ.

ಎರಡು ರಾಜ್ಯದ ಗಡಿಯ ವಿಷಯವಾದ್ದರಿಂದ ಜಂಟಿ ಅಳತೆ ಆಗಲೇಬೇಕಿತ್ತು. ಆಂಧ್ರದ ಕಡೆಯಿಂದ ಸುಬ್ರಹ್ಮಣ್ಯಂ ಎಂಬ ಸರ್ವೇಯರ್ ಬಂದರು. ಅವರೂ ತೂಬಿನಿಂದಲೇ ಅಳೆದರು, ಅವರ ಹಳೆಯ ನಕ್ಷೆಯನ್ನೂ ನಮ್ಮದನ್ನೂ ಕೆರೆ ಏರಿಯ ಮೇಲೆ ಪಕ್ಕಪಕ್ಕ ಹಾಸಿದರು. ಇದ್ದಿಲಿನ ಗುಂಡಿಗೆ ಬಂದಾಗ ಕೆಳಗೆ ಬಗ್ಗಿ ಒಂದು ಚೂರು ಎತ್ತಿ ಮೂಸಿ ನೋಡಿ ನಕ್ಕರು.

“ಅಮ್ಮಾ, ವೀಳ್ಳು ಮಾ ವಾಳ್ಳು ಕಾದು. ಮಾ ಪಟಂಲೋ ಈ ಇಳ್ಳು ಎಪ್ಪುಡೂ ಲೇವು,” ಎಂದರು. ಇವರು ನಮ್ಮವರಲ್ಲ, ನಮ್ಮ ನಕ್ಷೆಯಲ್ಲಿ ಈ ಮನೆಗಳು ಯಾವತ್ತೂ ಇರಲಿಲ್ಲ ಎಂದು. ಅರ್ಧ ಗಂಟೆಯಲ್ಲಿ ಸಹಿ ಹಾಕಿಕೊಟ್ಟರು. ಮೂವತ್ತು ವರ್ಷ ಎರಡು ಸರ್ಕಾರಗಳು ಒಬ್ಬರ ಕಡೆಗೊಬ್ಬರು ಬೆರಳು ತೋರಿಸಿದ ಪ್ರಶ್ನೆಗೆ ಅಷ್ಟೇ ಹೊತ್ತು ಸಾಕಾಯಿತು.

ಮಹಜರು ನಡೆದದ್ದು ಊರಿನ ಶಾಲೆಯ ಮುಂದೆ. ಮಹಜರು ಎಂದರೆ ಊರವರ ಎದುರಿಗೆ ಓದಿ ಹೇಳಿ ಸಾಕ್ಷಿ ಸಹಿ ಪಡೆಯುವುದು. ಊರಿನವರು ಜಗುಲಿಯ ಮೇಲೆ ಕುರ್ಚಿಗಳಲ್ಲಿ ಕೂತಿದ್ದರು. ಕೆರೆಯಾಚೆಯವರು ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬನ್ನಿ ಎಂದೆ. ಯಾರೂ ಕದಲಲಿಲ್ಲ. ಕೊನೆಗೆ ನಾನೇ ಮೇಜನ್ನು ಗೇಟಿನ ಹತ್ತಿರಕ್ಕೆ ಎಳೆಸಿಕೊಂಡು ಅಲ್ಲಿ ನಿಂತು ಓದಿದೆ. ಅಮಲ್ದಾರರ ನಾಲ್ಕು ಸಾಲು, ದರಖಾಸ್ತಿನ ಏಳು ಹೆಸರು, ನಕಲು ರಿಜಿಸ್ಟರಿನ ಸಹಿ. ಜಗುಲಿಯ ಮೇಲಿದ್ದವರಲ್ಲಿ ಕೆಲವರಿಗೆ ಅದು ನಿಜವಾಗಿ ಹೊಸ ಸಂಗತಿ. ಒಬ್ಬ ಮುದುಕರು, ಹಂಗಾದ್ರೆ ನಾವೂ ವಲಸೆ ಬಂದೋರೇನಾ ಎಂದು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು. ಪಕ್ಕದವರು ಸುಮ್ಮನಿರೋ ಎಂದರು.

ನಾನು ನಾರಾಯಣಪ್ಪನವರನ್ನು ಒಂದೇ ಪ್ರಶ್ನೆ ಕೇಳಿದೆ: ಈ ಕಾಗದ ಆರು ವರ್ಷದಿಂದ ನಿಮ್ಮ ಹತ್ತಿರ ಇದೆ, ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ?

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಚರಿತ್ರೆ ಅಂದ್ರೆ ಸಿಕ್ಕಿದ್ದೆಲ್ಲ ತುಂಬೋದಲ್ಲ ಮೇಡಂ. ಏನು ಬಿಡಬೇಕು ಅಂತ ಗೊತ್ತಿರೋನೇ ಅದನ್ನ ಬರೀಬೇಕು.”

ಜಗುಲಿಯ ಮೇಲೆ ಒಂದಿಬ್ಬರು ಮೆಚ್ಚಿ ತಲೆಯಾಡಿಸಿದರು. ಗೇಟಿನಾಚೆ ಹನುಮಂತಪ್ಪ ನೆಲ ನೋಡುತ್ತಿದ್ದರು. ಆ ಮನುಷ್ಯ ಮುಂದಿನ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತುವಾಗ, ಮೇಷ್ಟ್ರೇ ನೀವು ಹೇಳಿದ್ದಕ್ಕೇ ಮಾಡಿದ್ವಿ ಎಂದು ಒಂದು ಮಾತು ಅನ್ನಬಹುದೆಂದು ಕಾದೆ. ಅವರು ಅನ್ನಲಿಲ್ಲ. ಮೇಷ್ಟ್ರ ಕಡೆಗೆ ಕೈಮುಗಿದು ಹೋದರು. ಅವತ್ತಿನ ಎಲ್ಲದರಲ್ಲೂ ನನಗೆ ತಡೆಯಲಾಗದೆ ಹೋದದ್ದು ಆ ಕೈಮುಗಿದದ್ದು.

ಕಲ್ಲು ಹಳೆಯ ಜಾಗಕ್ಕೆ ಹೋಯಿತು. ಕಿತ್ತವರೇ ಮತ್ತೆ ನೆಟ್ಟರು, ಈ ಸಲ ಕೆಂಪು ಗೆರೆ ಮುಚ್ಚುವಷ್ಟು ಆಳದಲ್ಲಿ. ತೊಂಬತ್ತಮೂರು ಮನೆಗಳೂ ಒಂದೇ ನಕ್ಷೆಯೊಳಗೆ ಬಂದವು. ಸುರೇಶನ ಲೈಸೆನ್ಸನ್ನು ಮೂರು ತಿಂಗಳು ತಡೆಹಿಡಿದರು. ನಾಲ್ಕನೆಯ ತಿಂಗಳು ಅವನು ಶ್ರೀನಿವಾಸಪುರದ ಕಡೆ ಅಳತೆ ಮಾಡುತ್ತಿದ್ದ, ದಾರಿಯಲ್ಲಿ ಸಿಕ್ಕಾಗ ನಮಸ್ಕಾರ ಮೇಡಂ ಎಂದು ಹಲ್ಲು ಬಿಟ್ಟ. ಗಡಿಕಲ್ಲು ಸರಿಸುವುದು ಅಪರಾಧವೆಂದು ನಾನು ಪೊಲೀಸರಿಗೆ ಕಳಿಸಿದ ಪತ್ರಕ್ಕೆ, ಕಿತ್ತವರ ಮೇಲೆ ಕೇಸು ಹಾಕಬಹುದು ಎಂಬ ಉತ್ತರ ಬಂತು. ಕಿತ್ತವರು ಎಂದರೆ ಹನುಮಂತಪ್ಪ. ಆ ಉತ್ತರ ಓದಿ ದೂರನ್ನು ವಾಪಸು ತೆಗೆದುಕೊಂಡೆ. ನನಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು. ಅದು ನ್ಯಾಯವಾಗಿಯೇ ಇತ್ತು.

ಹಕ್ಕುಪತ್ರ ಹಂಚುವ ಸಮಾರಂಭ ನನ್ನ ನಿವೃತ್ತಿಗೆ ಒಂದು ತಿಂಗಳು ಇರುವಾಗ ನಡೆಯಿತು. ವೇದಿಕೆಯ ಮೇಲೆ ನಾರಾಯಣಪ್ಪನವರಿಗೆ ಊರಿನ ಚರಿತ್ರೆ ಬರೆದದ್ದಕ್ಕೆ ಶಾಲು ಹೊದಿಸಿದರು. ಅವರು ಊರಿನ ಒಗ್ಗಟ್ಟಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ಕೆಳಗಿಳಿದು ಬಂದು ಪುಸ್ತಕದ ಹೊಸ ಪ್ರತಿಯೊಂದನ್ನು ನನಗೂ ಕೊಟ್ಟರು. ಅದರಲ್ಲಿ ಒಂದು ಪುಟ ಸೇರಿತ್ತು: ಕೆರೆಯ ಪೂರ್ವಕ್ಕೆ ಇತರ ಕೆಲವು ಕುಟುಂಬಗಳೂ ವಾಸವಾಗಿವೆ. ಇಷ್ಟೇ. ಪುಸ್ತಕವನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದೆ.

ಗೇಟಿನ ಹತ್ತಿರ ಮುನಿವೆಂಕಟಮ್ಮ ಕಾಯುತ್ತಿದ್ದಳು. ತನ್ನ ಹಕ್ಕುಪತ್ರ ಪೂರ್ತಿ ಓದಿ ಹೇಳಬೇಕೆಂದಳು. ಹೆಸರು, ಗಂಡನ ಹೆಸರು, ಉದ್ದ, ಅಗಲ, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಯಾರ ಮನೆ ಎಂಬುದು, ಕೊನೆಗೆ ಮುದ್ರೆ. ಎಲ್ಲವನ್ನೂ ನಿಂತು ಕೇಳಿಸಿಕೊಂಡಳು.

“ನಮ್ಮೋರು ಮೊದಲಿಂದ ಇಲ್ಲೇ ಇದ್ರು ಅಂತ ಇದ್ರಾಗೆ ಎಲ್ಲಾದ್ರೂ ಬರ್ದೈತಾ ಅಮ್ಮಯ್ಯ?”

ಇಲ್ಲ ಎಂದೆ. ಆ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ಅವಳು ಕಾಗದ ಮಡಿಸಿ ಎದೆಯೊಳಗೆ ಸೇರಿಸಿಕೊಂಡು ಕೆರೆ ಏರಿಯ ಮೇಲೆ ನಡೆದಳು.

ಉಳಿದ ಒಂದು ತಿಂಗಳಲ್ಲಿ ನಾನು ಒಂದೇ ಹೆಚ್ಚಿನ ಕೆಲಸ ಮಾಡಿದೆ. ಅಮಲ್ದಾರರ ಟಿಪ್ಪಣಿಯ ಮೂವತ್ತೊಂದು ದೃಢೀಕೃತ ಪ್ರತಿಗಳನ್ನು ತೆಗೆಸಿ ಕೆರೆಯಾಚೆಯ ಮನೆಮನೆಗೆ ನಾನೇ ನಡೆದು ಕೊಟ್ಟು ಬಂದೆ. ಅದರಲ್ಲಿ ಇವರನ್ನು ಎಣಿಸಬೇಡಿ ಎಂದು ಬರೆದಿದೆ. ಹನ್ನೊಂದು ಗುಡಿಸಲು ಇದ್ದವು ಎಂದೂ ಬರೆದಿದೆ. ಇವರು ಮೊದಲಿಂದ ಇದ್ದರು ಎಂದು ಹೇಳುವ ಸರ್ಕಾರದ ಕಾಗದ ಅದೊಂದೇ. ಸ್ಥಳ ನೋಡದೆ ಸಹಿ ಹಾಕಬಾರದು ಎಂದು ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಹೇಳಿಕೊಡುತ್ತಾರೆ. ನಾನು ಅದನ್ನು ಕಲಿಯಲು ಮೂವತ್ತೊಂದು ವರ್ಷ ತೆಗೆದುಕೊಂಡೆ. ಇನ್ನೊಂದನ್ನು ಯಾರೂ ಹೇಳಿಕೊಡುವುದಿಲ್ಲ: ಅಳತೆ ತಪ್ಪಿದ್ದರೆ ತಿದ್ದುವುದು ಸುಲಭ, ಗೊತ್ತಿದ್ದೂ ಬಿಟ್ಟವರ ಮುಂದೆ ನಮ್ಮ ಸರಪಳಿ ಏನೂ ಮಾಡಲಾರದು. ಅವರಿಗೆ ಈಗಲೂ ಜನ ಎದ್ದು ನಿಲ್ಲುತ್ತಾರೆ. ಹೋದ ವರ್ಷ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ನಾರಾಯಣಪ್ಪನವರು ನನ್ನ ಬೆಂಚಿನ ಹತ್ತಿರ ಬಂದು ಚೆನ್ನಾಗಿದ್ದೀರಾ ಮೇಡಂ ಎಂದರು. ಪಕ್ಕದಲ್ಲಿದ್ದವರೆಲ್ಲ ಎದ್ದು ಜಾಗ ಬಿಟ್ಟರು. ನಾನು ಏಳಲಿಲ್ಲ.